ದೋಣಿ ಕಟ್ಟಿದ ದಿನ

ನೈಜರ್ ನದಿಯ ದಂಡೆಯ ಆ ಪಟ್ಟಣಕ್ಕೆ ಆಸ್ಪತ್ರೆ ಸಿಗಬೇಕಾದರೆ ಐದು ಸಾವಿರ ಜನರಾದರೂ ಇರಬೇಕೆಂದು ಸರ್ಕಾರ ಹೇಳಿತ್ತು. ಹೋದ ಸಲದ ಜನಗಣತಿಯಲ್ಲಿ ಮೂರೇ ಮೂರು ತಲೆ ಕಡಿಮೆ ಬಿದ್ದು ಅದು ಕೈತಪ್ಪಿತ್ತು. ಅದಕ್ಕೇ ಈ ಸಲ ಎಣಿಕೆಯ ದಿನ ಯಾರೂ ಊರು ಬಿಡದಂತೆ ಮುಖಂಡ ಬಕಾರಿ ದೋಣಿಗಳನ್ನೆಲ್ಲ ದಡಕ್ಕೆ ಕಟ್ಟಿಸಿದ್ದ.

ಜ್ವರದಿಂದ ಮೈ ಸುಡುತ್ತಿದ್ದ ಮಗಳನ್ನು ಬೆನ್ನಿಗೆ ಕಟ್ಟಿಕೊಂಡು ನ್ಯಾಗಲೆ ಬೆಳಗ್ಗೆಯೇ ದಡದಲ್ಲಿ ಕಾವಲು ನಿಂತಿದ್ದ ಬಕಾರಿಯ ಬಳಿಗೆ ಓಡಿಬಂದಳು.

"ಒಂದೇ ಒಂದು ದೋಣಿ ಬಿಚ್ಚಣ್ಣ. ಆಚೆ ದಡದ ಡಾಕ್ಟರಿಗೆ ತೋರಿಸ್ಕೊಂಡು ಬಂದುಬಿಡ್ತೀನಿ."

"ನಿನಗೆ ಬಿಚ್ಚಿದರೆ ಮೀನು ಹಿಡಿಯೋರು, ನೆಂಟರ ಮನೆಗೆ ಹೋಗೋರು ಎಲ್ಲ ಹತ್ತಿಬಿಡ್ತಾರೆ ತಾಯಿ. ಎಣಿಸೋರು ಮಧ್ಯಾಹ್ನದೊಳಗೆ ನಿಮ್ಮ ಓಣಿಗೆ ಬರ್ತಾರೆ. ಆಮೇಲೆ ನಾನೇ ಹುಟ್ಟು ಹಾಕ್ತೀನಿ."

"ಇವಳಿಗೇನಾದರೂ ಆದರೆ ನಿನ್ನ ಲೆಕ್ಕ ನಾನೇ ಕೆಡಿಸ್ತೀನಿ, ನೋಡ್ತಿರು!"

"ಕೆಡಿಸುವೆಯಂತೆ. ಆಸ್ಪತ್ರೆ ಬೇಕಾಗಿರೋದು ನಿನ್ನಂಥ ತಾಯಂದಿರಿಗೇ ಅಲ್ವೇನಮ್ಮ?"

ಗಣತಿಯವನು ಬರುವ ಹೊತ್ತಿಗೆ ಮಧ್ಯಾಹ್ನ ದಾಟಿತ್ತು. ನ್ಯಾಗಲೆಯ ತೊಡೆಯ ಮೇಲೆ ಮಗುವಿನ ಉಸಿರು ನಿಂತು ತಾಸಾಗಿತ್ತು. ಅವಳಿಗೆ ಅಳುವೂ ಬಂದಿರಲಿಲ್ಲ. ಗಣತಿಯವನ ಹಿಂದೆಯೇ ಬಂದ ಬಕಾರಿ ಅವಳ ಮುಖ ನೋಡಿದ್ದೇ ತಲೆ ತಗ್ಗಿಸಿದ. ಎದುರು ಮನೆಯ ತುಂಬು ಬಸುರಿ ತನ್ನ ಸರದಿಗಾಗಿ ಹೊಸ್ತಿಲಲ್ಲಿ ಕಾಯುತ್ತ ನಿಂತಿದ್ದಳು.

"ಮನೆಯಲ್ಲಿ ಎಷ್ಟು ಜನ?" ಗಣತಿಯವನು ಕೇಳಿದ.

ನ್ಯಾಗಲೆ ಬಕಾರಿಯನ್ನೇ ದಿಟ್ಟಿಸಿ ನೋಡಿದಳು. ಆಮೇಲೆ ಎದುರು ಹೊಸ್ತಿಲ ಬಸುರಿಯತ್ತ ಕಣ್ಣು ಹಾಯಿಸಿ, ಮಗುವಿನ ಮೇಲೆ ಹೊದಿಕೆ ಎಳೆದಳು.

"ಇಬ್ಬರು. ಮೆಲ್ಲಗೆ ಮಾತಾಡಪ್ಪ, ಈಗಷ್ಟೇ ಮಲಗಿದ್ದಾಳೆ."