ಎಂಟು ಸಾಕು, ಹದಿನಾರು ಬೇಕು

"ಹದಿನಾರು ಜಿಬಿದು ಯಾಕಮ್ಮಾ? ಆ ಹಳೇ ಆಟಕ್ಕೆ ಎಂಟು ಧಾರಾಳ," ಎಂದ ಕಂಪ್ಯೂಟರ್ ಅಂಗಡಿಯವನು. ಗಿರಾಕಿ ಬಾಯಿಬಿಟ್ಟು ದೊಡ್ಡದನ್ನು ಕೇಳಿದರೂ ಸಣ್ಣದನ್ನೇ ಕೈಗಿಡುವ ವಿಚಿತ್ರ ಆಸಾಮಿ ಅವನು. ಗ್ರಾಫಿಕ್ಸ್ ಕಾರ್ಡಿನ ಮೆಮೊರಿ ವಿಷಯದಲ್ಲಿ ಕಾಲೇಜು ಹುಡುಗರ ಜೊತೆ ತಲೆ ಚಚ್ಚಿಕೊಂಡು ರೂಢಿಯಾಗಿದ್ದವನಿಗೆ, ಕೊರಳಲ್ಲಿ ಅಳತೆ ಟೇಪು ಹಾಗೇ ನೇತಾಡಿಸಿಕೊಂಡು ಬಂದ ಈ ಟೈಲರಮ್ಮನನ್ನು ಕಂಡು ಮೋಜೆನಿಸಿತ್ತು. ಅವಳ ಗಂಡ ಒಳಗೂ ಬಾರದೆ ಹೊರಗೂ ಹೋಗದೆ ಬಾಗಿಲಲ್ಲೇ ನಿಂತಿದ್ದ.

"ಆಡೋದು ಯಾರು, ಮಗನಾ?"

"ಮಗಳು. ಆಡ್ತಿದ್ಲು. ಹೋಗಿ ವರ್ಷ ಆಗ್ತಾ ಬಂತು." ಟೈಲರಮ್ಮ ಅವನು ಮುಂದಿಟ್ಟಿದ್ದ ಎಂಟರ ಡಬ್ಬಿಯ ಮೇಲಿನ ಅಂಕಿಯನ್ನು ಬೆರಳಿಂದ ಸವರಿದಳು. "ಮೆಮೊರಿ ಜಾಸ್ತಿ ಇದ್ರೆ ಜಾಸ್ತಿ ನೆನಪಿಟ್ಕೊಳ್ಳುತ್ತೆ, ಅಲ್ವಾ?"

ಅಯ್ಯೋ ಪಾಪ, ಇದಾ ಸಮಾಚಾರ ಎಂದು ಅಂಗಡಿಯವನ ಮನಸ್ಸು ಪಿಚ್ಚೆಂದಿತು. ದನಿ ತಗ್ಗಿಸಿ ಬಿಡಿಸಿ ಹೇಳಿದ. "ಇದು ನೆನಪಿಟ್ಕೊಳ್ಳೋ ಮೆಮೊರಿ ಅಲ್ಲಮ್ಮ. ನೀವು ಬಟ್ಟೆ ಹರವಿಕೊಳ್ಳೋ ಮೇಜಿದ್ದ ಹಾಗೆ. ಈಗ ಪರದೆ ಮೇಲೆ ಏನು ಕಾಣ್ಬೇಕೋ ಅದನ್ನ ಹರವಿಕೊಳ್ಳುತ್ತೆ. ಸ್ವಿಚ್ ಆರಿಸಿದ್ರೆ ಮೇಜು ಖಾಲಿ. ಎಲ್ಲಾ ಮರೆತುಬಿಡುತ್ತೆ."

"ಹಾಗಾದ್ರೆ ನಿನ್ನೆ ನಿಂತ ಜಾಗದಿಂದಲೇ ಇವತ್ತು ಹೇಗೆ ನಡ್ಕೊಂಡು ಬರುತ್ತೆ?"

"ಯಾವುದು?"

ಮಗಳು ಆಟದೊಳಗೆ ಒಂದು ಮನೆ ಕಟ್ಟಿದ್ದಳಂತೆ. ದಿನಾ ಸಂಜೆ ಹೊಲಿಗೆ ಮುಗಿಸಿ ಟೈಲರಮ್ಮ ಆ ಆಟ ಹಚ್ಚುತ್ತಾಳೆ. ಯಾವ ಗುಂಡಿಯನ್ನೂ ಒತ್ತುವುದಿಲ್ಲ, ಆ ಮನೆಯ ಕಿಟಕಿಯಿಂದ ಸುಮ್ಮನೆ ಹೊರಗೆ ನೋಡುತ್ತಾಳೆ. ಮೊದಮೊದಲು ಬಯಲಿನ ಆ ತುದಿಯಲ್ಲಿ ಒಂದು ಚುಕ್ಕೆ ಕಂಡಿತು. ಆಮೇಲೆ ಅದು ಸೇತುವೆ ದಾಟಿತು, ಬೇಲಿ ದಾಟಿತು. ಈಗ ಬಾಗಿಲ ಮುಂದೆ ನಿಂತಿದೆ. "ಫ್ರಾಕು ಕಾಣುತ್ತೆ, ಜಡೆ ಕಾಣುತ್ತೆ. ಮುಖ ಮಾತ್ರ ಒದ್ದೆ ಕೈಯಲ್ಲಿ ಒರೆಸಿದ ಹಾಗಿದೆ," ಎಂದಳು.

"ಮೆಮೊರಿ ಸಾಲದಿದ್ರೆ ಹಾಗೇ, ಹತ್ತಿರ ಬಂದ್ರೂ ಮುಖ ತುಂಬಿಕೊಳ್ಳಲ್ಲ," ಎಂದು ಅಭ್ಯಾಸಬಲದಿಂದ ಹೇಳಿಬಿಟ್ಟವನು ನಾಲಿಗೆ ಕಚ್ಚಿಕೊಂಡ. "ಇಂಟರ್ನೆಟ್ಟಲ್ಲಿ ಬೇರೆ ಯಾರೋ ಆಡ್ತಿರಬೇಕು ಬಿಡಿ."

"ಇಂಟರ್ನೆಟ್ ತೆಗೆಸಿಬಿಟ್ಟಿದೀವಿ."

ಅಂಗಡಿಯವನು ಹದಿನಾರರ ಡಬ್ಬಿ ತರಲು ಒಳಕೋಣೆಗೆ ಹೋದ. ತಿರುಗಿ ನೋಡಿದರೆ ಗಂಡ ಬೆನ್ನಿಗೇ ಬಂದು ನಿಂತಿದ್ದಾನೆ. ಹೆದರಿಕೆಯಿಂದ ಅವನ ತುಟಿ ಬಿಳಿಚಿಕೊಂಡಿತ್ತು.

"ನಿಮ್ಮ ದಮ್ಮಯ್ಯ, ಕೊಡಬೇಡಿ. ಎಂಟೂ ಬೇಡ, ಹದಿನಾರೂ ಬೇಡ. ಯಾವುದೂ ಹೊಂದಲ್ಲ ಅಂದುಬಿಡಿ."

"ಹೋಗ್ಲಿ ಬಿಡಿ ಸಾರ್. ಹೆತ್ತ ತಾಯಿ, ಮಗಳ ಮುಖ ನೋಡಿ ಸಮಾಧಾನ ಮಾಡ್ಕೊಳ್ಲಿ."

"ನನ್ನ ಮಗಳು ಹುಟ್ಟಿದಾಗಿಂದ ಎಡಗಾಲು ಎಳ್ಕೊಂಡು ನಡೀತಿದ್ಲು. ಆಟದಲ್ಲಿ ತನ್ನ ಬೊಂಬೆಗೂ ಹಾಗೇ ಕುಂಟೋದು ಕಲಿಸಿದ್ಲು, ನಗ್ತಾ ತೋರಿಸಿದ್ಲು." ಗಂಡ ಅಂಗಡಿಯವನ ಮೊಣಕೈ ಹಿಡಿದುಕೊಂಡ. "ಇದು ಕುಂಟಲ್ಲ. ನೆಟ್ಟಗೆ ನಡ್ಕೊಂಡು ಬರ್ತಿದೆ. ನನ್ನ ಹೆಂಡತಿಗೆ ಅದು ಕಂಡಿಲ್ಲ. ನಾನು ಯಾವ ಬಾಯಲ್ಲಿ ಹೇಳ್ಲಿ?"

ಹಾಡುಹಗಲು, ಹೊರಗೆ ಬಸ್ಸುಗಳ ಗಲಾಟೆ. ಆದರೂ ಅಂಗಡಿಯವನ ಮೈ ಜುಮ್ಮೆಂದಿತು. ಬರಿಗೈಯಲ್ಲಿ ವಾಪಸು ಬಂದ. ಅವಳ ಕಂಪ್ಯೂಟರನ್ನು ಕಣ್ಣಲ್ಲೂ ನೋಡದವನು, "ಕ್ಷಮಿಸಿ ತಾಯಿ, ನಿಮ್ಮ ಮಷಿನ್ನಿಗೆ ಈ ಕಾರ್ಡು ಯಾವುದೂ ಕೂರಲ್ಲ," ಎಂದ. ಹೇಳುವಾಗ ಅವಳ ಮುಖ ನೋಡಲಾಗಲಿಲ್ಲ.

ಟೈಲರಮ್ಮ ಅವನನ್ನಲ್ಲ, ಅವನ ಹಿಂದೆಯೇ ಬಂದ ಗಂಡನನ್ನು ನೋಡಿದಳು. "ಕಾಲಿನ ವಿಷಯ ಹೇಳಿದ್ರಾ?"

ಗಂಡ ತಲೆ ತಗ್ಗಿಸಿದ.

"ಆ ಕಾಲಿಗೆ ದಿನಾ ಎಣ್ಣೆ ನೀವಿದವಳು ನಾನು. ಅದು ಅವಳಲ್ಲ ಅಂತ ನನಗೆ ಗೊತ್ತಾಗಲ್ವಾ?" ಅವಳ ಕಣ್ಣಲ್ಲಿ ನೀರಿರಲಿಲ್ಲ, ದನಿ ಬಟ್ಟೆಯ ಅಳತೆ ಹೇಳುವಷ್ಟು ಸಲೀಸಾಗಿತ್ತು. "ನಿನ್ನೆ ಬಾಗಿಲು ತಟ್ಟಿ 'ಅಮ್ಮಾ' ಅಂತು. ಅಮ್ಮಾ ಅಂದವರನ್ನ ಎಷ್ಟು ಹೊತ್ತು ಅಂತ ಹೊರಗೆ ನಿಲ್ಲಿಸೋದು? ಇವತ್ತು ಬಾಗಿಲು ತೆಗೀತೀನಿ. ಅದಕ್ಕೆ ಮುಂಚೆ ಮುಖ ಒಂದು ಸಲ ನೋಡ್ಕೊಳ್ಳೋದು ಒಳ್ಳೇದಲ್ವಾ? ಕೊಡಿ, ಹದಿನಾರೇ ಕೊಡಿ."