ಮೂಸಿದ ಸಂಪಿಗೆ

ಯೋಗನರಸಿಂಹ ರಾಯರು ಕೊಡೆಯ ಕೊಕ್ಕೆಯಿಂದ ಸಂಪಿಗೆ ಕೊಂಬೆಯನ್ನು ಕಾಂಪೌಂಡಿನಾಚೆಗೆ ಬಗ್ಗಿಸಿದ್ದರು. ಅಷ್ಟರಲ್ಲಿ ಗೇಟು ತೆರೆದು ಬಂದ ಮನೆಯೊಡತಿ ತುಳಸಮ್ಮ ರಾಯರ ಕೈಯಲ್ಲಿದ್ದ ಹೂವಿನ ವೈರ್ ಬುಟ್ಟಿಯನ್ನು ಕಿತ್ತುಕೊಂಡರು.

"ಡಾಕ್ಟ್ರು ದಿನಾ ವಾಕಿಂಗ್ ಮಾಡಿ ಅಂದಿದಾರೆ ಅಂತ ಶೆಟ್ಟಿಹಳ್ಳಿಗೆಲ್ಲ ಹೇಳ್ಕೊಂಡು ಓಡಾಡ್ತೀರಲ್ಲ ರಾಯರೇ, ಹೂ ಕದಿಯೋದನ್ನೂ ಅವರೇ ಬರ್ಕೊಟ್ರಾ?"

"ದೇವರ ಪೂಜೆಗೆ ಕಿತ್ರೆ ಕಳ್ಳತನ ಆಗಲ್ಲ ಕಣಮ್ಮ," ಎಂದರು ರಾಯರು, ಕೊಕ್ಕೆ ಬಿಡಿಸದೆಯೇ. "ನೀವಂತೂ ಬೆಳಿಗ್ಗೆ ಹೊತ್ತು ಅಡುಗೆಮನೆ ಬಿಟ್ಟು ಆಚೆ ಬಂದಿದ್ದನ್ನೇ ನಾನು ಕಾಣೆ. ಯಾರಿಗೋಸ್ಕರ ಈ ಮರ ಕಾಯ್ತೀರಿ?"

ತುಳಸಮ್ಮನಿಗೆ ಮೈಯೆಲ್ಲ ಉರಿಯಿತು. ಬುಟ್ಟಿಯಿಂದ ಒಂದು ಹೂವೆತ್ತಿ, ರಾಯರ ಮುಖವನ್ನೇ ನೋಡುತ್ತ, ಮೂಗಿಗೆ ಹಿಡಿದು ಮೂಸಿದರು. ಮೂಸಿದ ಹೂವು ದೇವರಿಗೆ ಸಲ್ಲುವುದಿಲ್ಲ. ಅದನ್ನು ಸೆರಗಿಗೆ ಹಾಕಿಕೊಂಡು ಇನ್ನೊಂದನ್ನೆತ್ತಿ ಮೂಸಿದರು. ರಾಯರ ಮುಖ ಕಪ್ಪಿಟ್ಟಿತು.

ಮೂರನೆಯ ಹೂವಿಗೆ ತುಳಸಮ್ಮನ ಕೈ ತಡೆಯಿತು. ಮರ ನೆಟ್ಟವರು ತಾವೇ. ಗಂಡ ದಿನವೂ ಕಿತ್ತು ತಂದುಕೊಟ್ಟಿದ್ದನ್ನು ದೇವರ ತಟ್ಟೆಗೆ ಹಾಕಿದ್ದರೇ ಹೊರತು, ಇಷ್ಟು ವರ್ಷದಲ್ಲಿ ಒಂದನ್ನೂ ಮೂಗಿನ ಹತ್ತಿರ ತಂದಿರಲಿಲ್ಲ. ಎಳೆ ಬಿಸಿಲು ಬೆನ್ನಿಗೆ ಹಿತವಾಗಿ ತಾಗುತ್ತಿತ್ತು. ಮೂರನೆಯದನ್ನು ಅವರು ಕಣ್ಣು ಮುಚ್ಚಿ, ರಾಯರು ಎದುರಿಗಿರುವುದನ್ನೂ ಮರೆತು, ನಿಧಾನವಾಗಿ ಮೂಸಿದರು.

"ನಾಳೆಯಿಂದ ದಿನಾ ಬೆಳಿಗ್ಗೆ ಈ ಮರದ ಕೆಳಗೇ ಕೂತಿರ್ತೀನಿ," ಎಂದರು.

"ನನ್ನನ್ನ ಹೆದರಿಸ್ತೀರಾ?" ರಾಯರು ಕೊಕ್ಕೆ ಬಿಡಿಸಿ ಕೊಡೆಯನ್ನು ಕಂಕುಳಿಗೆ ಸಿಕ್ಕಿಸಿಕೊಂಡರು.

"ಹಾಗೇ ಅಂದ್ಕೊಳ್ಳಿ."

ಉಳಿದ ಹೂಗಳನ್ನೂ ಸೆರಗಿಗೆ ಸುರಿದುಕೊಂಡು, ತುಳಸಮ್ಮ ಖಾಲಿ ಬುಟ್ಟಿಯನ್ನು ರಾಯರ ಕೈಗಿಟ್ಟರು. ಒಳಗೆ ಒಲೆಯ ಮೇಲೆ ಹಾಲು ಉಕ್ಕುವ ವಾಸನೆ ಬರುತ್ತಿತ್ತು. ತುಳಸಮ್ಮ ಒಳಗೆ ಹೋಗದೆ ಅಲ್ಲೇ ನಿಂತಿದ್ದರು.