ನೀಲಿ ತಂಬಿಗೆ

ನಮ್ಮ ಊರಲ್ಲಿ ಪ್ಲಾಸ್ಟಿಕ್ ಸಾಮಾನಿನ ಮೇಲೆ ಕೊಂಡವರ ಹೆಸರು ಅಚ್ಚಿನಲ್ಲೇ ಬೆಸೆದು ಬರುತ್ತದೆ, ಕೆರೆದರೂ ಹೋಗದು. ಆ ಹೆಸರಿನ ಸಾಮಾನೆಲ್ಲ ಮನೆಗೆ ಮರಳುವ ತನಕ ಅವರ ಜೀವವೂ ಹೋಗುವುದಿಲ್ಲ.

ಬಸಲಿಂಗವ್ವನ ಮಂಚದ ಸುತ್ತ ಕೊಡ, ಬುಟ್ಟಿ, ಡಬ್ಬಿ ಎಲ್ಲ ಬಂದು ಸೇರಿದ್ದವು. ನೀಲಿ ತಂಬಿಗೆಯೊಂದು ಮಾತ್ರ ಬಂದಿರಲಿಲ್ಲ. ಅವಳು ನೋವಿನಲ್ಲಿ ನರಳುತ್ತಿದ್ದಳು.

ಪಕ್ಕದ ಮನೆಯ ಗೆಳತಿ ಕಾಳವ್ವ ಬಂದು ಕೂತಳು.

“ನೀ ಮಜ್ಜಿಗಿ ಒಯ್ದ ತಂಬಿಗಿ ಎಲ್ಲೈತಿ?” ಎಂದಳು ಬಸಲಿಂಗವ್ವ.

“ಹುಡುಕಾಕ್ಹತ್ತೇನಿ.”

“ದಿನಾ ಹಿಂಗ ಅಂತಿ, ಸುಳ್ಳಿ.”

“ನೀ ಹೋದಮ್ಯಾಲೆ ನಾ ಯಾರ ಕೂಡ ಜಗಳಾಡ್ಲಿ?”

“ಶಿವನ ಕೂಡ ಆಡು. ನನಗ ಸಾಕಾಗೈತಿ, ಕಾಳಿ.”

ಕಾಳವ್ವ ಸೆರಗಿನಡಿಯಿಂದ ತಂಬಿಗೆ ತೆಗೆದಳು. ನೀರು ತುಂಬಿ, ಶಿವನ ಹೆಸರು ಹೇಳಿ, ಗೆಳತಿಗೆ ಗುಟುಕು ಗುಟುಕಾಗಿ ಕುಡಿಸಿದಳು. ಆಮೇಲೆ ಖಾಲಿ ತಂಬಿಗೆಯನ್ನು ಉಳಿದ ಸಾಮಾನಿನ ಪಕ್ಕ ಇಟ್ಟಳು. ಇಟ್ಟಳು, ಆದರೆ ಹಿಡಿದ ಕೈ ಬಿಡಲಿಲ್ಲ.